ಶೇಷಾಚಾರ್ಯರ ಬಲಗೈ

ಮನುಷ್ಯನ ಚರ್ಮಕ್ಕೆ ಬಾಯಿ ಬಂದರೆ ಅದು ಏನೇನು ಹೇಳೀತು ಎಂದು ಯಾರೂ ಮುಂಚಿತವಾಗಿ ಯೋಚಿಸಿರಲಿಲ್ಲ. ಯೋಚಿಸದೆಯೇ ಬಾಯಿ ಕೊಟ್ಟುಬಿಟ್ಟರು. ಆ ಬಾಯಿಯ ಸರ್ಕಾರಿ ಹೆಸರು ತ್ವಚಾದರ್ಶಿ. ಧಾರವಾಡದ ಜನ ಮೊದಲ ದಿನದಿಂದಲೇ ಅದನ್ನು ತುರಿಕಿ ಮಷೀನು ಎಂದು ಕರೆದರು. ಸರ್ಕಾರದ ಹೆಸರು ಬೋರ್ಡಿನ ಮೇಲೆ ಉಳಿಯಿತು.

ಹಿಂದೆಲ್ಲ ಮೈಮೇಲೆ ದದ್ದು ಎದ್ದರೆ ಡಾಕ್ಟರು ಬೆನ್ನಿಗೆ ಇಪ್ಪತ್ತು ಮೂವತ್ತು ಪಟ್ಟಿ ಅಂಟಿಸಿ, ಎರಡು ದಿನ ಸ್ನಾನ ಮಾಡಬೇಡಿ ಎಂದು ಕಳಿಸುತ್ತಿದ್ದರು. ಬೇಸಿಗೆಯ ಬೆವರಿಗೆ ಪಟ್ಟಿ ಕಿತ್ತುಬಂದರೆ ಮತ್ತೆ ಮೊದಲಿನಿಂದ ಶುರು. ಈಗ ಆ ರಗಳೆ ಇಲ್ಲ. ಬೇರುಸಮೇತ ಕಿತ್ತ ಒಂದು ಕೂದಲು, ಒಂದು ಹನಿ ರಕ್ತ ಕೊಟ್ಟರೆ ಸಾಕು. ಒಂಬತ್ತು ದಿನದಲ್ಲಿ ಗಾಜಿನ ತಟ್ಟೆಯ ಮೇಲೆ ಅಂಗೈಯಗಲ ನಿಮ್ಮದೇ ಚರ್ಮ ಬೆಳೆಯುತ್ತದೆ, ನಿಮ್ಮದೇ ರಕ್ತದ ಕಾವಲು ಕೋಶಗಳು ಅದರೊಳಗೆ ಕೂತಿರುತ್ತವೆ. ಅದರ ಮೇಲೆ ಸಾವಿರದ ಇನ್ನೂರು ಚುಕ್ಕಿಗಳಲ್ಲಿ ಸಾವಿರದ ಇನ್ನೂರು ಪದಾರ್ಥಗಳನ್ನು ಇಡುತ್ತಾರೆ: ಸೋಪಿನ ಸುವಾಸನೆ, ಬಿಂದಿಯ ಅಂಟು, ಕೂದಲಿಗೆ ಹಚ್ಚುವ ಬಣ್ಣ, ಬಳೆಯ ನಿಕ್ಕಲ್ಲು, ಸಿಮೆಂಟಿನ ಕ್ರೋಮಿಯಂ, ಕಾಂಗ್ರೆಸ್ ಹುಲ್ಲು, ಹೀಗೆ. ಯಾವುದನ್ನು ಕಾವಲು ಕೋಶಗಳು ವೈರಿ ಎಂದು ಗುರುತಿಸುತ್ತವೋ ಆ ಚುಕ್ಕಿ ಆರು ಗಂಟೆಯೊಳಗೆ ನೀಲಿಯಾಗಿ ಹೊಳೆಯುತ್ತದೆ. ಮಷೀನು ಆ ಹೊಳಪನ್ನು ನೂರಕ್ಕೆ ಇಷ್ಟು ಎಂದು ಅಳೆದು, ಹೆಸರು ಬರೆದು, ಚರ್ಮಚೀಟಿ ಎಂಬ ಕಾರ್ಡು ಉಗುಳುತ್ತದೆ.

ಐದು ವರ್ಷದಲ್ಲಿ ಊರಿಗೆ ಊರೇ ಇದಕ್ಕೆ ಒಗ್ಗಿಹೋಗಿತ್ತು. ಬಳೆಗಾರ ಚೀಟಿ ನೋಡಿಯೇ ಕೈ ಹಿಡಿಯುತ್ತಿದ್ದ. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಚೀಟಿಯನ್ನೂ ಕೇಳುತ್ತಿದ್ದರು. ಇಪ್ಪತ್ತು ವರ್ಷ ತನ್ನ ಕೈಯನ್ನು ದೇವರ ಶಾಪ ಎಂದುಕೊಂಡಿದ್ದ ಗೌಂಡಿಯೊಬ್ಬ ಅದು ಸಿಮೆಂಟಿನ ಕಿತಾಪತಿ ಎಂದು ತಿಳಿದು, ಮರಗೆಲಸ ಕಲಿತು, ಪ್ರಯೋಗಾಲಯಕ್ಕೆ ಒಂದು ಸ್ಟೂಲು ಮಾಡಿಕೊಟ್ಟು ಹೋಗಿದ್ದ. ಮಾಲೀಕರು ಆಳುಗಳ ಕೈಗೆ ಒಗ್ಗದ್ದನ್ನು ಹಚ್ಚಬಾರದೆಂದು ಒಂದು ಕಾನೂನೂ ಬಂದಿತ್ತು. ಅಡುಗೆ ಮಾಡಿ ಬಡಿಸುವ ಜಾಗಗಳಲ್ಲೆಲ್ಲ ಅಡುಗೆಯವರ ಚೀಟಿಗಳನ್ನು ಎದುರಿನ ಗೋಡೆಗೆ ತೂಗುಹಾಕಬೇಕು ಎಂಬುದು ಆ ಕಾನೂನು. ಉದ್ದೇಶ ಒಳ್ಳೆಯದೇ. ತೊಂದರೆ ಶುರುವಾದದ್ದು ಆ ಗೋಡೆಯಿಂದ.

ಡಾಕ್ಟರ್ ಹಸೀನಾ ನದಾಫ್ ಆ ಮಷೀನಿನ ಹಿಂದಿದ್ದ ತಲೆ. ನಲವತ್ತೆರಡರ ಹೆಣ್ಣುಮಗಳು, ಮಾತು ಕಡಿಮೆ, ತನ್ನ ಕೆಲಸದ ಮೇಲೆ ಅಪಾರ ಭರವಸೆ. ಮಂಗಳವಾರ ಬೆಳಿಗ್ಗೆ ಅವಳು ಬಾಗಿಲು ತೆಗೆಯುವ ಹೊತ್ತಿಗೆ ಕಚ್ಚೆಪಂಚೆ ಉಟ್ಟು, ಗೋಪೀಚಂದನದ ನಾಮ ಹಚ್ಚಿದ ಅರವತ್ತೆರಡು ವರ್ಷದ ಒಬ್ಬರು ಮೆಟ್ಟಿಲ ಮೇಲೆ ನಿಂತಿದ್ದರು. ಬಲಗೈಗೆ ಒದ್ದೆ ಬಿಳಿಬಟ್ಟೆ ಸುತ್ತಿತ್ತು.

"ನೀವ ಏನು ಡಾಕ್ಟರಬಾಯಿ? ನಾನು ಶೇಷಗಿರಿ ಆಚಾರ್. ಮುರಲೀಧರ ಅನ್ನಛತ್ರದ ಅಡಿಗಿಯಾಂವ. ಇವತ್ತಿಗೆ ಹದಿನಾಕು ದಿನ ಆತು, ಅಡಿಗಿಯಾಂವ ಅಲ್ಲ."

"ಒಳಗ ಬರ್ರಿ. ಏನಾತು ಹೇಳ್ರಿ."

"ಆಗೂದೇನು? ಮೂವತ್ತೊಂದು ವರ್ಷ ಆತ್ರಿ ಆ ಅಡಿಗಿಮನಿ ಸೇರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹೆಸರು ಸೈತ ಅಲ್ಲಿ ಎತ್ತೂದಿಲ್ಲ. ನಿಮ್ಮ ಮಷೀನು ನನ್ನ ಚೀಟಿ ಮ್ಯಾಲೆ ಬಳ್ಳೊಳ್ಳಿ ಅಂತ ಬರದದ. ಅದನ್ನ ಗ್ವಾಡಿಗೆ ತೂಗಹಾಕ್ಯಾರ. ಊಟಕ್ಕ ಬಂದವರು ಮೊದಲು ದೇವರಿಗೆ ಕೈ ಮುಗೀತಾರ, ಆಮ್ಯಾಲೆ ಅದನ್ನ ಓದ್ತಾರ."

ಹಸೀನಾಗೆ ತಕ್ಷಣ ಅರ್ಥವಾಯಿತು. ಇಂಥ ಅಲರ್ಜಿ ಒಂದು ಸಲ ಮುಟ್ಟಿದರೆ ಬರುವಂಥದ್ದಲ್ಲ. ಮತ್ತೆ ಮತ್ತೆ ಮುಟ್ಟಿದ ಮೇಲೆಯೇ ಚರ್ಮ ಆ ಪದಾರ್ಥದ ಗುರುತು ಹಿಡಿದು ಸಿಟ್ಟಿಗೇಳುವುದು. ಈ ಪಾಠವನ್ನು ರೇಡಿಯೊದಲ್ಲಿ ಐದು ವರ್ಷ ಹೇಳಿ ಹೇಳಿ ಮಕ್ಕಳಿಗೂ ಬಾಯಿಪಾಠವಾಗಿತ್ತು. ಅಂದಮೇಲೆ ಚೀಟಿಯ ಮೇಲೆ ಬೆಳ್ಳುಳ್ಳಿ ಎಂದು ಇದ್ದರೆ, ಈ ಮನುಷ್ಯ ಎಲ್ಲೋ ಕದ್ದು ಮುಚ್ಚಿ ವರ್ಷಗಟ್ಟಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಾನೆ ಎಂದೇ ಲೆಕ್ಕ.

"ಶನಿವಾರದಿಂದ ಮೂರು ದಿನ ಆರಾಧನಿ ಅದ," ಎಂದರು ಆಚಾರ್ಯರು. "ಶುಕ್ರವಾರ ಟ್ರಸ್ಟಿನವರು ಕೂಡಿ ಹೊಸಾ ಅಡಿಗಿಯವರನ್ನ ನೇಮಸ್ತಾರ. ಒಮ್ಮೆ ನೇಮಿಸಿದ್ರಂದ್ರ ಮುಗೀತು. ನನಗ ಆ ಸೌಟು ಹೋದರ ಹೋಗ್ಲಿ ಅಂತ ಬಿಡಬಹುದು. ಆದ್ರ ಕಳ್ಳ ಅನಿಸಿಕೊಂಡು ಬಿಡ್ಲಿಕ್ಕೆ ನನ್ನ ಕಡಿಂದ ಆಗೂದಿಲ್ಲ. ಇನ್ನೊಮ್ಮೆ ನೋಡ್ರಿ."

ತಟ್ಟೆಯ ಚರ್ಮ ಮೂರು ತಿಂಗಳು ಜೀವಂತವಾಗಿರುತ್ತದೆ. ಅವಳು ಶೀತಪೆಟ್ಟಿಗೆಯಿಂದ ಅವರ ತಟ್ಟೆ ತೆಗೆದು ಮತ್ತೊಮ್ಮೆ ಸಾವಿರದ ಇನ್ನೂರು ಚುಕ್ಕಿ ಇಟ್ಟಳು. ಆರು ಗಂಟೆ ಕಾಯಬೇಕು ಎಂದಳು. ಆಚಾರ್ಯರು ಬೆಂಚಿನ ಮೇಲೆ ಕೂತರು. ನೀರು ಕೊಟ್ಟರೆ ಬೇಡ ಎಂದರು, ಮನೆಗೆ ಹೋಗಿ ಬನ್ನಿ ಎಂದರೆ ಕೇಳಿಸದವರಂತೆ ಇದ್ದರು. ಸಂಜೆ ನಾಲ್ಕಕ್ಕೆ ಒಂದೇ ಒಂದು ಚುಕ್ಕಿ ಹೊಳೆಯಿತು. ಬೆಳ್ಳುಳ್ಳಿ.

"ಆಚಾರ್ರ, ಈ ಮಷೀನು ಎರಡು ಲಕ್ಷ ಮಂದೀನ್ನ ನೋಡೇತ್ರಿ. ಸುಳ್ಳು ಹೇಳಿಲ್ಲ."

"ಹಂಗಾರ ಸುಳ್ಳು ನಾ ಹೇಳ್ಲಿಕತ್ತೇನೇನು?"

ಅವರು ಎದ್ದು, ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಹೊರಟುಹೋದರು. ನಿಜ ಹೇಳಬೇಕೆಂದರೆ ಹಸೀನಾ ಆಗ ಅವರನ್ನು ನಂಬಿರಲಿಲ್ಲ. ನಂಬದೆ ಇದ್ದದ್ದಕ್ಕೆ ಆಮೇಲೆ ಬಹಳ ನಾಚಿಕೊಂಡಳು.

ಹೊಸಯಲ್ಲಾಪುರದ ಮನೆಯಲ್ಲಿ ತಾಯಿ ಹುಸೇನಬಿ ಒರಳಿನ ಮುಂದೆ ಕೂತಿದ್ದಳು. ನಲವತ್ತು ವರ್ಷ ಬೆಳ್ಳುಳ್ಳಿ ಖಾರ ಕುಟ್ಟಿ ಮಾರಿ ಮಗಳನ್ನು ಓದಿಸಿದವಳು. ಅವಳ ಬೆರಳಿನ ತುದಿಗಳು ಸೀಳಿ ಸೀಳಿ ನೆತ್ತರು ಬರುತ್ತಿದ್ದುದನ್ನು ನೋಡಿಯೇ ಹಸೀನಾ ಚರ್ಮದ ವಿದ್ಯೆ ಕಲಿತದ್ದು. ಮಷೀನಿನಲ್ಲಿ ಮೊಟ್ಟಮೊದಲು ಬೆಳೆಸಿದ ಚರ್ಮವೂ ಹುಸೇನಬಿಯದೇ. ಬೆಳ್ಳುಳ್ಳಿ ಎಂದರೆ ಹೊಳಪು ಹೇಗಿರಬೇಕು ಎಂಬುದಕ್ಕೆ, ಮೇಲಿಂದ ಮೇಲೆ ಹೊಸದಾಗಿ ಬೆಳೆಸುತ್ತ ಬಂದ ಅದೇ ಚರ್ಮ ಇಂದಿಗೂ ಮಾದರಿ. ಈಗ ಬೆಳ್ಳುಳ್ಳಿ ಸುಲಿಯಲು ಯಂತ್ರವಿದೆ, ಅವಳು ಒನಕೆ ಮಾತ್ರ ಹಿಡಿಯುತ್ತಾಳೆ, ಬೆರಳು ಮಾಗಿವೆ.

ಮಗಳು ಆಚಾರ್ಯರ ಕಥೆ ಹೇಳಿದಳು. ತಾಯಿ ಕುಟ್ಟುವುದನ್ನು ನಿಲ್ಲಿಸಿದಳು.

"ಯಾವ ಕೈಗಾಗೇತವಾ ಅವರಿಗೆ?"

"ಬಲಗೈಗೆ."

"ಎಡಚರೇನು?"

"ಛತ್ರದಾಗ ಅಡುಗಿ ಮಾಡೋರು ಎಡಗೈಲೆ ಮಾಡ್ತಾರೇನವ್ವಾ?"

"ಹಂಗಾರ ಬಳ್ಳೊಳ್ಳಿ ಅಲ್ಲ ಬಿಡು." ಹುಸೇನಬಿ ಒನಕೆ ಬದಿಗಿಟ್ಟು ಎಡಗೈ ಎತ್ತಿ ತೋರಿಸಿದಳು. ಹೆಬ್ಬೆರಳು, ಪಕ್ಕದ ಎರಡು ಬೆರಳು. ಮೂರರ ತುದಿಯಲ್ಲೂ ಹಳೆಯ ಕಲೆ. "ಬಳ್ಳೊಳ್ಳಿ ಹಿಡಿಯೂದು ಎಡಗೈ, ಕತ್ತಿ ಹಿಡಿಯೂದು ಬಲಗೈ. ರಸ ಹತ್ತೂದು ಹಿಡಿದ ಕೈಗೆ. ಬಲಗೈ ನೋಡು ನಂದು, ಏನರ ಐತಿ? ಇಷ್ಟು ದೊಡ್ಡ ಡಾಕ್ಟರಾಗಿ ಅವರ ಕೈ ಬಿಚ್ಚಿ ನೋಡಲಿಲ್ಲೇನು?"

ನೋಡಿರಲಿಲ್ಲ. ಐದು ವರ್ಷದಿಂದ ಹಸೀನಾ ತಟ್ಟೆಗಳನ್ನು ನೋಡುತ್ತಿದ್ದಳೇ ಹೊರತು ಕೈಗಳನ್ನಲ್ಲ. ಮಷೀನು ಏನು ಎಂಬುದನ್ನು ಹೇಳುತ್ತಿತ್ತು. ಎಲ್ಲಿ, ಯಾವ ಬೆರಳಿಗೆ, ಯಾವ ಕೆಲಸ ಮಾಡುವಾಗ ಎಂದು ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಅವಳ ಕಿವಿ ಬಿಸಿಯಾಯಿತು. ಜೊತೆಗೆ, ಬಹಳ ದಿನದ ಮೇಲೆ, ಕೆಲಸದ ಹುಮ್ಮಸ್ಸೂ ಬಂತು.

ಬುಧವಾರ ಬೆಳಿಗ್ಗೆ ಅವಳು ಮಾಳಮಡ್ಡಿಯಲ್ಲಿದ್ದ ಆಚಾರ್ಯರ ಮನೆಗೆ ಹೋದಳು. ಅವರ ಹೆಂಡತಿ ಗೋದಾಬಾಯಿ ಪಡಸಾಲೆಯಲ್ಲಿ ಚಾಪೆ ಹಾಸಿ, ಚಹಾ ಕೊಟ್ಟು, ತಾನೂ ಎದುರಿಗೆ ಕೂತರು.

"ಬಟ್ಟಿ ಬಿಚ್ರಿ ಆಚಾರ್ರ," ಎಂದಳು ಹಸೀನಾ.

ಬಲ ಅಂಗೈಯ ತುಂಬ, ಬೆರಳ ಸಂದಿಗಳಲ್ಲಿ, ಮಣಿಕಟ್ಟಿನ ತನಕ ಚರ್ಮ ದಪ್ಪಗಾಗಿ ಬಿರುಕು ಬಿಟ್ಟಿತ್ತು. ಮಣಿಕಟ್ಟಿನ ಹತ್ತಿರ ಗೆರೆ ಹೊಡೆದಂತೆ ನಿಂತಿತ್ತು. ಎಡಗೈ ಮಾತ್ರ ಮಗುವಿನ ಕೈಯಷ್ಟು ನುಣುಪು. ಹದಿನೈದು ದಿನ ಅಡುಗೆಮನೆಯಿಂದ ದೂರವಿದ್ದುದರಿಂದ ಬಲಗೈಯೂ ಅಂಚಿನಲ್ಲಿ ಮಾಗತೊಡಗಿತ್ತು. ಬೆಳ್ಳುಳ್ಳಿ ಬೆರಳ ತುದಿಯನ್ನು ಹಿಡಿಯುತ್ತದೆ. ಇದು ಮಣಿಕಟ್ಟಿನವರೆಗೆ ಯಾವುದೋ ನೀರಿನಲ್ಲಿ ಮುಳುಗಿದ ಕೈ.

"ಈಗ ಅಡುಗಿಮನಿಯೊಳಗ ಅದೀರಿ ಅಂತ ತಿಳೀರಿ. ಬೆಳಿಗ್ಗಿಂದ ನಿಮ್ಮ ಕೈ ಏನೇನು ಮಾಡ್ತೈತಿ, ಮಾಡಿ ತೋರಸ್ರಿ. ಬಾಯಿಲೆ ಹೇಳಬ್ಯಾಡ್ರಿ, ಕೈಲೆ ಮಾಡ್ರಿ."

ಗೋದಾಬಾಯಿಗೆ ನಗು ಬಂತು. ಆಚಾರ್ಯರು ಗಂಭೀರವಾಗಿ ಚಾಪೆಯ ಮೇಲೆ ಕೂತು ಗಾಳಿಯಲ್ಲಿ ಅಡುಗೆಗೆ ಶುರು ಹಚ್ಚಿದರು. ಅಕ್ಕಿ ತೊಳೆದರು, ಎರಡೂ ಕೈ. ಹುಣಸೆಹಣ್ಣು ಹಿಂಡಿದರು, ಎರಡೂ ಕೈ. ಬೇಳೆ ತಿರುವಿದರು, ಸೌಟು. ಆಮೇಲೆ ಎಡಗೈಯಲ್ಲಿ ಏನನ್ನೋ ವಾಲಿಸಿ ಹಿಡಿದು, ಬಲಗೈ ಅದರೊಳಗೆ ಇಳಿಸಿ, ಬೆರಳನ್ನು ಹೆಬ್ಬೆರಳಿಗೆ ಉಜ್ಜುತ್ತ ಕಿವುಚತೊಡಗಿದರು. ಕಿವುಚಿದರು, ಕಿವುಚಿದರು, ನಿಲ್ಲಿಸಲೇ ಇಲ್ಲ.

"ಇದೇನ್ರಿ?"

"ಇಂಗು."

"ಇಂಗಿಗೆ ಇಷ್ಟೊತ್ತ? ಡಬ್ಬಿಯಿಂದ ಚಿಟಿಕಿ ಹಾಕೂದಲ್ಲೇನ್ರಿ?"

"ಡಬ್ಬಿ ಇಂಗಿನಾಗ ಗೋಧಿಹಿಟ್ಟು ಕಲಿಸಿರ್ತಾರ. ಅದು ನಮ್ಮ ಮಡಿಗೆ ನಡಿಯೂದಿಲ್ಲ. ನಾವು ತರೂದು ಗಟ್ಟಿ ಇಂಗು. ಬಿಸಿನೀರಾಗ ನೆನೆಹಾಕಿ ಕೈಲೆನ ಕಿವುಚಬೇಕು, ಅರ್ಧ ತಾಸು. ಚಮಚಾಲೆ ತಿರುವಿದ್ರ ಗಂಟು ಉಳೀತದ. ಎಲ್ಲಿ ಗಂಟು ಅದ, ಎಲ್ಲಿ ಕರಗೇದ ಅನ್ನೂದು ಬೆರಳಿಗಷ್ಟ ಗೊತ್ತಾಗ್ತದ. ಮೂವತ್ತೊಂದು ವರ್ಷ ಆ ಪಾತ್ರಿಯೊಳಗ ಬ್ಯಾರೆಯವರ ಕೈ ಬಿದ್ದಿಲ್ಲ."

ಗೋದಾಬಾಯಿ ಒಳಗಿನಿಂದ ಒಂದು ತುಂಡು ತಂದು ಕೊಟ್ಟರು. ಹಸೀನಾ ಮೂಗಿನ ಹತ್ತಿರ ಹಿಡಿದಳು. ಕಣ್ಣು ಮುಚ್ಚಿದರೆ ಅವ್ವನ ಒರಳಿನ ಮುಂದೆ ಕೂತ ಹಾಗಾಯಿತು. ಅವಳಿಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಸಿಟ್ಟು ತನ್ನ ಮೇಲೆ.

"ಆಚಾರ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಂಗು ಬಳ್ಳೊಳ್ಳಿ ದಾಯಾದಿಗಳ್ರಿ."

"ಶಿವ ಶಿವಾ! ಹಂಗನಬ್ಯಾಡ್ರಿ!" ಎಂದು ಆಚಾರ್ಯರು ಎರಡೂ ಕಿವಿ ಮುಚ್ಚಿಕೊಂಡರು. ಗಾಬರಿಯಲ್ಲಿ ಹರಿಯ ಬದಲು ಹರ ಬಂದದ್ದು ಅವರಿಗೆ ಗೊತ್ತಾಗಲಿಲ್ಲ, ಗೋದಾಬಾಯಿಗೆ ಗೊತ್ತಾಯಿತು.

ಅವಳು ಬಿಡಿಸಿ ಹೇಳಿದಳು. ಎರಡರ ಘಾಟೂ ಗಂಧಕದ್ದು. ಎರಡರಲ್ಲೂ ಗಂಧಕದ ಜೋಡಿ ಪರಮಾಣುಗಳು ಕೈ ಕೈ ಹಿಡಿದು ನಿಂತಿರುತ್ತವೆ, ಉಳಿದ ಮೈ ಮಾತ್ರ ಬೇರೆ ಬೇರೆ. ಕಾವಲು ಕೋಶ ನೋಡುವುದು ಆಕಾರವನ್ನು. ಇಂಗಿನ ಮೇಲೆ ಹಗೆ ಸಾಧಿಸುತ್ತಿರುವ ಕೋಶ ಬೆಳ್ಳುಳ್ಳಿಯನ್ನು ಕಂಡರೂ ಅರ್ಧ ಗುರುತು ಹಿಡಿದು ಗುರ್ ಎನ್ನುತ್ತದೆ. ಬೆಳ್ಳುಳ್ಳಿ ಬಿಟ್ಟವರು ಅದರ ಜಾಗಕ್ಕೆ ಇಂಗನ್ನೇ ತಂದದ್ದು ಸುಮ್ಮನೆ ಅಲ್ಲ. ನಾಲಿಗೆ ಎಂದೋ ಕಂಡುಕೊಂಡ ನೆಂಟಸ್ತಿಕೆಯನ್ನು ಮಷೀನು ಈಗ ತಪ್ಪಾಗಿ ಓದಿತ್ತು. ಅದಕ್ಕೆ ಸರಿಯಾಗಿ ಓದಲು ಆಗುವಂತೆಯೂ ಇರಲಿಲ್ಲ, ಯಾಕೆಂದರೆ ಸಾವಿರದ ಇನ್ನೂರು ಪದಾರ್ಥಗಳಲ್ಲಿ ಇಂಗು ಇರಲೇ ಇಲ್ಲ. ಪಟ್ಟಿ ಮಾಡುವ ಸಮಿತಿಯಲ್ಲಿ ಹಸೀನಾ ಇದ್ದಳು. ಇಂಗನ್ನು ಕೈಯಲ್ಲಿ ಯಾರು ಮುಟ್ಟುತ್ತಾರೆ, ಚಿಟಿಕೆ ಎಣ್ಣೆಗೆ ಬೀಳುತ್ತದೆ ಅಷ್ಟೆ, ಬಿಟ್ಟುಬಿಡಿ ಎಂದವಳೂ ಅವಳೇ.

"ಖಾತ್ರಿ ಮಾಡೂದಕ್ಕ ಒಂದು ಸರಳ ದಾರಿ ಐತ್ರಿ," ಎಂದಳು. "ನಿಮ್ಮ ತೋಳಿಗೆ ಎರಡು ಪಟ್ಟಿ ಹಚ್ಚತೀನಿ. ಒಂದರಾಗ ಇಂಗು, ಒಂದರಾಗ ಬಳ್ಳೊಳ್ಳಿ ರಸ. ಶುಕ್ರವಾರ ಬಿಚ್ಚಿ ಟ್ರಸ್ಟಿನವರಿಗೆ ಕಣ್ಣಾರೆ ತೋರಸ್ಬಹುದು."

ಆಚಾರ್ಯರು ತೋಳನ್ನು ಹಿಂದಕ್ಕೆ ಎಳೆದುಕೊಂಡರು.

"ತಂಗಿ, ನಾ ಮುಟ್ಟಿಲ್ಲ ಅಂತ ತೋರಸ್ಲಿಕ್ಕೆ ಮುಟ್ಟಬೇಕೇನು? ಆಗೂದಿಲ್ಲ."

ಹಾಗಾದರೆ ಉಳಿದದ್ದು ತಟ್ಟೆ ಮಾತ್ರ. ಹಸೀನಾ ಇಂಗಿನ ತುಂಡನ್ನು ಕಾಗದದಲ್ಲಿ ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಬಂದಳು. ಅರೆದು, ಸೋಸಿ, ತಿಳಿ ಮಾಡಿ, ಆಚಾರ್ಯರ ಚರ್ಮದ ಮೇಲೊಂದು ಚುಕ್ಕಿ, ಅವ್ವನ ಚರ್ಮದ ಮೇಲೊಂದು ಚುಕ್ಕಿ ಇಟ್ಟಳು. ಎರಡರ ಪಕ್ಕದಲ್ಲೂ ಬೆಳ್ಳುಳ್ಳಿ. ಸಂಜೆಯ ಹೊತ್ತಿಗೆ ಉತ್ತರ ಬಂತು. ಅವ್ವನ ಚರ್ಮ: ಬೆಳ್ಳುಳ್ಳಿಗೆ ತೊಂಬತ್ತೊಂದು, ಇಂಗಿಗೆ ಹದಿನೇಳು. ಆಚಾರ್ಯರದು: ಬೆಳ್ಳುಳ್ಳಿಗೆ ಮೂವತ್ತನಾಲ್ಕು, ಇಂಗಿಗೆ ತೊಂಬತ್ತಾರು. ತಾಯಿ ಕೇಳಿದ ಕೂಡಲೇ ಹೇಳಿದ್ದನ್ನು ಮಷೀನು ಆರು ಗಂಟೆ ತೆಗೆದುಕೊಂಡು ಒಪ್ಪಿತು.

ಮೂವತ್ತನಾಲ್ಕು ಎಂಬ ಸಂಖ್ಯೆ ಮೊದಲೂ ಅಲ್ಲೇ ಇತ್ತು. ಚೀಟಿಯ ಮೇಲೆ ಬರೆದಿರಲಿಲ್ಲ, ಅಷ್ಟೆ. ಜನ ಬರುವುದು ಒಂದು ಹೆಸರು ಕೇಳಲು, ಸಂಖ್ಯೆ ಕೊಟ್ಟರೆ ತಲೆಬಿಸಿ ಮಾಡಿಕೊಳ್ಳುತ್ತಾರೆ ಎಂದು ಐದು ವರ್ಷದ ಹಿಂದೆ ಹಸೀನಾ ಒಂದು ನಿಯಮ ಬರೆದಿದ್ದಳು: ಒಂದೇ ಚುಕ್ಕಿ ಹೊಳೆದಿದ್ದರೆ, ಮಸುಕಾಗಿದ್ದರೂ ಸರಿ, ಅದರ ಹೆಸರನ್ನೇ ಬರೆ. ತನಗೆ ಗೊತ್ತಿಲ್ಲ ಎಂದು ಹೇಳಲು ಮಷೀನಿಗೆ ಅವಳು ಕಲಿಸಿಯೇ ಇರಲಿಲ್ಲ.

ಗುರುವಾರ ಹಳೆಯ ದಾಖಲೆ ತೆಗೆಸಿದಳು. ಬೆಳ್ಳುಳ್ಳಿ ಎಂದು ಚೀಟಿ ಪಡೆದು, ಹೊಳಪು ನಲವತ್ತರ ಒಳಗಿದ್ದವರು ರಾಜ್ಯದಲ್ಲಿ ನಾನೂರ ಹನ್ನೆರಡು ಜನ. ಹತ್ತು ಮಂದಿಗೆ ಫೋನು ಮಾಡಿದಳು. ರಾಯಚೂರಿನ ಒಬ್ಬ ವಿಧವೆಯ ಕೈಯಿಂದ ಮನೆಯವರು ನೀರು ಕುಡಿಯುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಬಾಗಲಕೋಟೆಯ ಒಂದು ಜೈನ ಮನೆಯ ಸೊಸೆ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಹತ್ತನೆಯ ಫೋನು ಇಟ್ಟ ಮೇಲೆ ಹಸೀನಾ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಆ ನಿಯಮವನ್ನು ಅಳಿಸಿಹಾಕಿ, ಅರವತ್ತರ ಒಳಗಿನ ಒಂಟಿ ಹೊಳಪಿಗೆ ಗೊತ್ತಿಲ್ಲ ಎಂದೇ ಬರೆಯುವಂತೆ ಹೊಸದನ್ನು ಬರೆದಳು.

ಅವಳು ಕಳಿಸಿದ ವರದಿ ಓದಿ ಬೆಂಗಳೂರಿನಿಂದ ಪ್ರಯೋಗಾಲಯದ ನಿರ್ದೇಶಕರು ಫೋನು ಮಾಡಿದರು. "ಇಂಗನ್ನ ಪಟ್ಟಿಗೆ ಸೇರಿಸಿ, ಸಾಕು. ಯಾವುದೋ ಛತ್ರದಲ್ಲಿ ಹೋಗಿ ನಿಂತು ನಮ್ಮ ಮಷೀನು ತಪ್ಪು ಹೇಳ್ತು ಅಂತ ಯಾಕೆ ಹೇಳ್ಬೇಕು?"

"ಸರ್, ತಪ್ಪು ಹೇಳಿದ್ದು ಗೋಡೆ ಮೇಲೆ. ತಿದ್ದೋದನ್ನ ಮುಚ್ಚಿಟ್ಟು ಮಾಡೋಕಾಗಲ್ಲ," ಎಂದಳು ಹಸೀನಾ. ನಾ ಹೋಗ್ತೀನಿ ಎಂದು ಹೇಳಿ ಫೋನು ಇಟ್ಟಳು.

ಶುಕ್ರವಾರ ಹತ್ತಕ್ಕೆ ಅನ್ನಛತ್ರದ ಊಟದ ಹಜಾರದಲ್ಲಿ ಐದು ಜನ ಟ್ರಸ್ಟಿಗಳು ಕೂತಿದ್ದರು. ಅಧ್ಯಕ್ಷರು ತೊರಗಲ್ ಮಾಸ್ತರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕೆಟ್ಟವರಲ್ಲ, ಆದರೆ ಒಂದು ಮೆಟ್ಟಿಲು ಬಿಟ್ಟು ಲೆಕ್ಕ ಮಾಡಿದರೆ ಉತ್ತರ ಸರಿ ಇದ್ದರೂ ಸೊನ್ನೆ ಕೊಡುವವರು. ಆಚಾರ್ಯರು ಕಂಬದ ಹತ್ತಿರ ನಿಂತಿದ್ದರು. ಅವರ ಕೈಕೆಳಗೆ ಇಪ್ಪತ್ತು ವರ್ಷ ಕೆಲಸ ಮಾಡಿದ ಜಯಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಸೌಟು ತನಗೆ ಬರುತ್ತದೆ ಎಂಬ ಭಯ ಅವನಿಗೆ.

ಹಸೀನಾ ಏನನ್ನೂ ಬಿಡದೆ ಹೇಳಿದಳು. ಕೈ ನೋಡದೆ ಇದ್ದದ್ದು, ಪಟ್ಟಿಯಲ್ಲಿ ಇಂಗು ಇಲ್ಲದ್ದು, ತಾನು ಬರೆದ ನಿಯಮ, ಅದರಿಂದ ರಾಯಚೂರಿನ ವಿಧವೆಗೆ ಆದದ್ದು, ತೊಂಬತ್ತಾರು, ಮೂವತ್ತನಾಲ್ಕು. "ತಪ್ಪು ಮಷೀನಿಂದಲ್ರಿ, ನಂದು. ಆಚಾರ್ರು ಬಳ್ಳೊಳ್ಳಿ ಮುಟ್ಟಿಲ್ಲ. ಇದಕ್ಕ ಅವರ ಚರ್ಮನ ಸಾಕ್ಷಿ."

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಎರಡು ಪ್ರಶ್ನಿ ಅವ. ತಟ್ಟಿ ಮ್ಯಾಲಿನ ಆ ಚರ್ಮ ಇವರದ ಹೌದೋ ಅಲ್ಲೋ?"

"ಅವರದರಿ."

"ಅದಕ್ಕ ಬಳ್ಳೊಳ್ಳಿ ಹಚ್ಚೀರೋ ಇಲ್ಲೋ?"

"ಹಚ್ಚೀವ್ರಿ. ಮೂರು ಸಲ."

"ಅಂದಮ್ಯಾಲೆ ಇವರ ಚರ್ಮಕ್ಕ ಬಳ್ಳೊಳ್ಳಿ ಮುಟ್ಟೇದ. ಇಲ್ಲ, ಅದು ಇವರದಲ್ಲ ಅಂತೀರಾ? ಹಂಗಾರ ಅದರ ಮಾತು ಹಿಡಕೊಂಡು ಇವರು ಸ್ವಚ್ಛ ಅಂತ ನಾವು ಹೆಂಗ ಹೇಳೂದು? ಎರಡರಾಗ ಒಂದು ಹೇಳ್ರಿ."

ಹಸೀನಾ ಕೋಶಗಳ ಬಗ್ಗೆ, ಅನುವಂಶೀಯತೆಯ ಬಗ್ಗೆ ಏನೇನೋ ಹೇಳಲು ಬಾಯಿ ತೆರೆದಳು. ಯಾವುದೂ ಈ ಪ್ರಶ್ನೆಗೆ ಉತ್ತರವಲ್ಲ ಎಂದು ಅವಳಿಗೇ ತಿಳಿಯಿತು. ಅಷ್ಟರಲ್ಲಿ ಕಂಬದ ಕಡೆಯಿಂದ ಆಚಾರ್ಯರ ದನಿ ಬಂತು.

"ಮಾಸ್ತರ, ನಾ ಒಂದು ಕೇಳಲೇನು? ಕೋರ್ಟಿನ್ಯಾಗ ಒಬ್ಬಾಂವ ತನ್ನ ಪರ ತಾನ ಸಾಕ್ಷಿ ಹೇಳಿಕೊಂಡ್ರ ನಂಬ್ತಾರೇನು?"

"ಹೆಂಗ ನಂಬ್ತಾರ? ಬ್ಯಾರೆಯವರು ಹೇಳಬೇಕು."

"ಹದಿನೇಳು ದಿನದ ಹಿಂದ ನಾ ಇಲ್ಲೇ ನಿಂತು ದೇವರ ಆಣಿ ಮಾಡಿ ಹೇಳಿದೆ. ನೀವು ನಂಬಲಿಲ್ಲ. ಅದು ಸರಿನ ಅದ, ನನ್ನ ಪರ ನಾ ಹೇಳಿದ್ದು. ಈಗ ಈ ಚರ್ಮ ನನ್ನಿಂದ ಹುಟ್ಟೇದ, ಖರೆ. ಆದ್ರ ಅದು ನಾ ಅಲ್ಲ. ಅದಕ್ಕ ನನ್ನ ಹಸಿವಿ ಇಲ್ಲ, ನನ್ನ ಸಂಧ್ಯಾವಂದನಿ ಇಲ್ಲ, ನನ್ನ ಮರ್ಯಾದಿ ಉಳಸಬೇಕು ಅನ್ನೂ ಆಶಾನೂ ಇಲ್ಲ. ಅದು ನಾ ಅಲ್ಲ ಅಂತನ ಅದರ ಮಾತಿಗೆ ಕಿಮ್ಮತ್ತು. ನಾನ ಆಗಿದ್ರ ಅದು ಸಾಕ್ಷಿ ಅಲ್ಲ, ಮತ್ತೊಂದು ಆಣಿ ಅಷ್ಟ."

ಮಾಸ್ತರು ಕನ್ನಡಕ ಹಾಕಿಕೊಂಡರು. ಬೋರ್ಡಿನ ಮೇಲೆ ಹುಡುಗನೊಬ್ಬ ತಮಗಿಂತ ಚಿಕ್ಕ ದಾರಿಯಲ್ಲಿ ಲೆಕ್ಕ ಬಿಡಿಸಿದಾಗ ಅವರ ಮುಖ ಹೇಗಾಗುತ್ತಿತ್ತೋ ಹಾಗೇ ಆಗಿತ್ತು. ಅವರು ತಾವೇ ಎದ್ದು ಹೋಗಿ ಗೋಡೆಯ ಮೇಲಿನ ಚೀಟಿ ತೆಗೆದು ಹಸೀನಾಳ ಕೈಗೆ ಕೊಟ್ಟರು. ಆಮೇಲೆ ಆಚಾರ್ಯರ ಮುಂದೆ ನಿಂತು ಕೈ ಮುಗಿದರು.

"ನಂದೂ ತಪ್ಪಾತು, ಆಚಾರ್ರ. ಒಳಗ ನಡೀರಿ. ನಾಳೆ ಮೂರು ಸಾವಿರ ಎಲಿ ಅದ."

"ಇಂಗು ಮಾತ್ರ ಮುಟ್ಟಂಗಿಲ್ಲ," ಎಂದು ಹಸೀನಾ ನಡುವೆ ಬಾಯಿ ಹಾಕಿದಳು. "ಕೈಗವಸು ಹಾಕ್ಕೊಂಡ್ರೂ ಒಳಗ ಇಳೀತೈತಿ ಅದು."

ಆಚಾರ್ಯರು ತಮ್ಮ ಬಲಗೈ ನೋಡಿಕೊಂಡರು. ಮೂವತ್ತೊಂದು ವರ್ಷದ ಕೆಲಸ. ನಂತರ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. "ಜಯಣ್ಣಾ, ನಾಳಿಂದ ಇಂಗು ನೀ ಕಿವುಚು. ನಾ ಬಾಜೂಕ್ಕ ನಿಂತು ಹೇಳ್ತೇನಿ. ಆದ್ರ ಎರಡು ಕೈ ಬದಲಿ ಬದಲಿ ಹಚ್ಚು. ದಿನಾ ಸೋಪು ಹಚ್ಚಿ ತೊಳಕೋ."

ಜಯಣ್ಣನಿಗೆ ಸೌಟು ತಪ್ಪಿದ ಸಂತೋಷದಲ್ಲಿ ಏನು ಕೊಟ್ಟರೂ ಕಿವುಚುವ ಉತ್ಸಾಹ ಬಂದಿತ್ತು.

ಆರಾಧನೆ ಮುಗಿದ ಮರುದಿನ, ಮಂಗಳವಾರ, ಹಸೀನಾ ಕರೆದದ್ದಕ್ಕೆ ಆಚಾರ್ಯರು ಪ್ರಯೋಗಾಲಯಕ್ಕೆ ಬಂದರು. ಕೈಗೆ ಬಟ್ಟೆ ಇರಲಿಲ್ಲ. ಗಾಜಿನ ಬಾಗಿಲ ಹಿಂದೆ ಮೊದಲ ಬಾರಿಗೆ ತಮ್ಮ ತಟ್ಟೆ ನೋಡಿದರು. ಗೋಧಿ ಬಣ್ಣದ, ಅಂಗೈಯಗಲದ, ತೆಳ್ಳನೆಯ ಚರ್ಮ. ಒಂದು ಹೆಜ್ಜೆ ಹಿಂದೆ ಸರಿದರು.

"ನನ್ನ ಬಣ್ಣನ ಅದ," ಎಂದರು ಮೆಲ್ಲಗೆ.

"ಆಚಾರ್ರ, ಒಂದು ಕೇಳಾಕ ಕರದೀನಿ. ನೀವು ಒಲ್ಲೆ ಅನ್ನಬಹುದು." ಹಸೀನಾ ನಾನೂರ ಹನ್ನೆರಡು ಹೆಸರಿನ ಹಾಳೆಗಳನ್ನೂ ಒಂದು ಒಪ್ಪಿಗೆಪತ್ರವನ್ನೂ ಅವರ ಮುಂದಿಟ್ಟಳು. "ಇವರೆಲ್ಲಾ ನಿಮ್ಮಂಗ ಸಿಕ್ಕೊಂಡೋರು. ಇವರಾಗ ಯಾರ್ದು ಇಂಗು, ಯಾರ್ದು ಬಳ್ಳೊಳ್ಳಿ ಅಂತ ಹೇಳಾಕ ಒಂದು ಮಾದರಿ ಬೇಕು. ನಿಮ್ಮಷ್ಟು ಸ್ಪಷ್ಟ ಇರೋ ಚರ್ಮ ಮತ್ತೊಂದಿಲ್ಲ. ಆದ್ರ ಅದನ್ನ ಮೇಲಿಂದ ಮೇಲೆ ಬೆಳಸಬೇಕು. ಪ್ರತಿ ಸಲ ಇಂಗಿನ ಜೋಡಿ ಬಳ್ಳೊಳ್ಳೀನೂ ಹಚ್ಚಬೇಕು. ದಿನಾ. ವರ್ಷಗಟ್ಟಲೆ."

ಸಭೆಯಲ್ಲಿ ಅದು ನಾನಲ್ಲ ಎನ್ನುವುದು ಒಂದು ಮಾತು. ತಮ್ಮದೇ ಬಣ್ಣದ ಚರ್ಮ ಕಣ್ಣೆದುರು ಇರುವಾಗ ಅದನ್ನೇ ಮತ್ತೆ ಹೇಳುವುದು ಬೇರೆ. ಆಚಾರ್ಯರು ಹಾಳೆಯ ಮೇಲೆ ಬೆರಳಿಟ್ಟು ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋದರು. ರಾಯಚೂರಿನ ಹೆಸರಿನ ಹತ್ತಿರ ನಿಂತರು.

"ಈಕೀ ಕೈಲೆ ನೀರು ಕುಡಿಯೂದಿಲ್ಲಂತ ಹೇಳಿದ್ರಲಾ, ಈಕಿನ ಏನು?"

"ಹೌದ್ರಿ."

ಅವರು ಪೆನ್ನು ಕೇಳಿ ತೆಗೆದುಕೊಂಡರು. ಬಲಗೈ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಒಪ್ಪಿಗೆಪತ್ರದ ಮೇಲೆ ಸಹಿ ಸೊಟ್ಟಗೆ ಬಂತು. ಅದರ ಕೆಳಗೆ ದಿನಾಂಕವನ್ನೂ ನಿಧಾನವಾಗಿ ಬರೆದರು. ಹಸೀನಾ ಶೀತಪೆಟ್ಟಿಗೆ ತೆಗೆದು ತಟ್ಟೆಯನ್ನು ಮಾದರಿಗಳ ಸಾಲಿನಲ್ಲಿ ಇಟ್ಟಳು.

"ಬಾಜೂ ಇರೂದು ಯಾರದು?"

"ನಮ್ಮವ್ವಂದ್ರಿ. ಹುಸೇನಬಿ."

"ಅವರದೇನು?"

"ಬಳ್ಳೊಳ್ಳಿ."

ಆಚಾರ್ಯರು ಅಕ್ಕಪಕ್ಕದ ಆ ಎರಡು ತಟ್ಟೆಗಳನ್ನು ಒಂದಾದ ಮೇಲೊಂದು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಇರ್ಲಿ, ಇರ್ಲಿ," ಎಂದರು ಕಣ್ಣೊರೆಸಿಕೊಳ್ಳುತ್ತ. "ಬಾಗಲಾ ಹಾಕ್ರಿ. ಇಬ್ಬರಿಗೂ ಭಾಳ ಕೆಲಸ ಅದ."